ಬೇರೆ ಬೇರೆ ದೂರದ ಓಟಗಳನ್ನು ಹೋಲಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಹೋಬಳಿ, ತಾಲ್ಲೂಕು ಹಾಗೂ ಜಿಲ್ಲಾ ಮಟ್ಟದ ಕ್ರೀಡಾಕೂಟಗಳಲ್ಲಿ ದೈಹಿಕ ಶಿಕ್ಷಕರು, ಪೋಷಕರು, ಸೈನ್ಯ ಮತ್ತು ಪೊಲೀಸ್ ಭರ್ತಿಗೆ ತಯಾರಾಗುತ್ತಿರುವ ಯುವಕರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಅವರವರ ಮಾತಿನಲ್ಲೇ ಒಟ್ಟುಗೂಡಿಸಿ ಉತ್ತರಿಸಲಾಗಿದೆ. 4:30 ಎಂದು ಬರೆದಿರುವಲ್ಲಿ 4 ನಿಮಿಷ 30 ಸೆಕೆಂಡು ಎಂದು ಓದಿಕೊಳ್ಳಬೇಕು.

## ಮೊದಲಿಗೆ

ಸರ್, 100 ಮೀಟರ್ ಓಡೋನನ್ನೂ 1500 ಓಡೋನನ್ನೂ ಒಂದೇ ತಕ್ಕಡೀಲಿ ತೂಗೋಕೆ ಆಗುತ್ತಾ?

ಆಗುತ್ತದೆ. ಆದರೆ ಈ ಒಂದು ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳಿವೆ, ಅವನ್ನು ಬಿಡಿಸಿಕೊಳ್ಳದೆ ಹೊರಟರೆ ಮುಂದಿನ ಲೆಕ್ಕವೆಲ್ಲ ಗೋಜಲಾಗುತ್ತದೆ. ಒಂದು ದೂರದಲ್ಲಿ ಒಬ್ಬನು ತೋರಿದ ಸಾಧನೆ ಇನ್ನೊಂದು ದೂರದಲ್ಲಿ ಮತ್ತೊಬ್ಬನು ತೋರಿದ ಸಾಧನೆಯಷ್ಟೇ ಅಪರೂಪವೇ ಎಂಬುದು ಮೊದಲನೆಯ ಪ್ರಶ್ನೆ. ಈ ದೂರವನ್ನು ಇಷ್ಟು ಸಮಯದಲ್ಲಿ ಓಡಿದವನು ಆ ದೂರವನ್ನು ಎಷ್ಟು ಸಮಯದಲ್ಲಿ ಓಡಬಲ್ಲ ಎಂಬುದು ಎರಡನೆಯದು. ಮೊದಲನೆಯದಕ್ಕೆ, ಇಂಥ ಸಾಧನೆಗೆ ಇಷ್ಟು ಅಂಕ ಎಂದು ಹೇಳುವ ಅಂಕಪಟ್ಟಿಗಳಿವೆ, ಎರಡನೆಯದಕ್ಕೆ ಸೂತ್ರಗಳಿವೆ. 100 ಮೀಟರ್ ಓಟಗಾರನ ಸಮಯವನ್ನು ಸೂತ್ರಕ್ಕೆ ಹಾಕಿ ಅವನ 1500 ಮೀಟರನ್ನು ಊಹಿಸಲು ಹೊರಡುವುದು ವ್ಯರ್ಥ, ಏಕೆಂದರೆ ಆ ಎರಡು ಓಟಗಳಿಗೆ ಬೇಕಾದ ದೇಹಶಕ್ತಿಯೇ ಬೇರೆ. ಆದರೆ ಅವನ 100 ಮೀಟರ್ ಓಟವು ಪಕ್ಕದ ಶಾಲೆಯ ಹುಡುಗನ 1500 ಮೀಟರ್ ಓಟದಷ್ಟು ದೊಡ್ಡದೇ ಎಂದು ಕೇಳುವುದರಲ್ಲಿ ತಪ್ಪಿಲ್ಲ.

400 ಮೀಟರನ್ನು 60 ಸೆಕೆಂಡಿಗೆ ಓಡಿದ್ರೆ 800 ಮೀಟರನ್ನು 2 ನಿಮಿಷಕ್ಕೆ ಓಡಬಹುದಲ್ವಾ?

ಇಲ್ಲ. ದೂರ ಇಮ್ಮಡಿಯಾದಾಗ ಸಮಯ ಎಷ್ಟು ಪಟ್ಟಾಗುತ್ತದೆ ಎಂಬುದನ್ನು ಪುರುಷರ ವಿಶ್ವದಾಖಲೆಗಳಿಂದಲೇ ನೋಡಬಹುದು. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ 100 ಮೀಟರನ್ನು 9.58 ಸೆಕೆಂಡಿನಲ್ಲೂ 200 ಮೀಟರನ್ನು 19.19 ಸೆಕೆಂಡಿನಲ್ಲೂ ಓಡಿದರು, ಅಂದರೆ ಸಮಯ ಹೆಚ್ಚುಕಡಿಮೆ ಸರಿಯಾಗಿ ಎರಡು ಪಟ್ಟು. ನಿಂತಲ್ಲಿಂದ ವೇಗ ಹಿಡಿಯುವ ನಷ್ಟ ಎರಡನೆಯ 100 ಮೀಟರಿಗೆ ಇರುವುದಿಲ್ಲವಾದ್ದರಿಂದ ದಣಿವಿನ ನಷ್ಟ ಅಲ್ಲಿಗೆ ಸರಿಹೋಗುತ್ತದೆ. 400 ಮೀಟರ್ ದಾಖಲೆ ವೇಯ್ಡ್ ವ್ಯಾನ್ ನೀಕರ್ಕ್ ಅವರ 43.03 (2016), 800 ಮೀಟರ್ ದಾಖಲೆ ಡೇವಿಡ್ ರುಡಿಶಾ ಅವರ 1:40.91 (2012). ಇಲ್ಲಿ ಸಮಯ 2.345 ಪಟ್ಟಾಗಿದೆ. ಜೋಶುವಾ ಚೆಪ್ಟೆಗೈ 2020ರಲ್ಲಿ ಓಡಿದ 5000 (12:35.36) ಮತ್ತು 10,000 ಮೀಟರ್ (26:11.00) ದಾಖಲೆಗಳ ನಡುವೆ ಅದು ಮತ್ತೆ 2.08ಕ್ಕೆ ಇಳಿಯುತ್ತದೆ.

ಎಂದರೆ ಅತಿ ಹೆಚ್ಚು ಕುಸಿತವಾಗುವುದು ಉದ್ದದ ಓಟಗಳಲ್ಲಲ್ಲ, 400ರಿಂದ 800ರ ನಡುವೆ. 400 ಮೀಟರಿನಲ್ಲಿ ಖರ್ಚಾಗುವ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಆಮ್ಲಜನಕದ ನೆರವಿಲ್ಲದೆ ಬರುತ್ತದೆ. 800 ಮೀಟರಿನಲ್ಲಿ ಸುಮಾರು ಮೂರನೇ ಎರಡು ಪಾಲು, 1500 ಮೀಟರಿನಲ್ಲಿ ಶೇ. 80ಕ್ಕಿಂತ ಹೆಚ್ಚು ಪಾಲು ಆಮ್ಲಜನಕದ ನೆರವಿನಿಂದಲೇ ಬರಬೇಕಾಗುತ್ತದೆ. ಒಂದು ಬಗೆಯ ಇಂಧನ ಮುಗಿದು ಇನ್ನೊಂದರ ಮೇಲೆ ಓಡಬೇಕಾದ ಆ ಘಟ್ಟದಲ್ಲಿ ವೇಗ ತಗ್ಗಲೇಬೇಕು. 60 ಸೆಕೆಂಡಿನ 400 ಮೀಟರ್ ಓಟಗಾರನಿಗೆ ದಾಖಲೆಗಳ ಅನುಪಾತದಂತೆ 800 ಮೀಟರಿಗೆ ಸುಮಾರು 2:21 ಬೇಕು. ಕೇವಲ ವೇಗದ ಅಭ್ಯಾಸ ಮಾಡಿದವನಿಗೆ ಅದೂ ಕಷ್ಟ.

ವಿಶ್ವದಾಖಲೆಯ ಶೇಕಡಾ ಎಷ್ಟು ಅಂತ ನೋಡಿದರೆ ಸಾಕಲ್ಲವೇ? ಅಷ್ಟೊಂದು ಪಟ್ಟಿ, ಸೂತ್ರ ಯಾಕೆ?

ಸುಲಭವಾದ ವಿಧಾನವಿದು, ಪಕ್ಕಪಕ್ಕದ ದೂರಗಳಿಗೆ ಪರವಾಗಿಲ್ಲ. ಆದರೆ 100 ಮೀಟರನ್ನೂ ದೂರದ ಓಟವನ್ನೂ ಹೀಗೆ ಹೋಲಿಸಿದರೆ ಪ್ರತಿಸಲವೂ ದೂರದ ಓಟಗಾರನಿಗೆ ಅನ್ಯಾಯವಾಗುತ್ತದೆ. 100 ಮೀಟರನ್ನು 12.5 ಸೆಕೆಂಡಿನಲ್ಲಿ ಓಡುವ ಹುಡುಗ ವಿಶ್ವದಾಖಲೆಯ ವೇಗದ ಶೇ. 76.6ರಷ್ಟನ್ನು ಮುಟ್ಟುತ್ತಾನೆ. 1500 ಮೀಟರಿನಲ್ಲಿ ಹಿಶಾಮ್ ಎಲ್ ಗೆರೂಜ್ ಅವರ 3:26.00ಕ್ಕೆ (1998) ಅದೇ ಶೇ. 76.6 ಎಂದರೆ ಸುಮಾರು 4:29. ಮೊದಲನೆಯ ಸಮಯವನ್ನು ಓಡುವ ಹುಡುಗರು ಒಂದು ತಾಲ್ಲೂಕು ಕೂಟದಲ್ಲಿ ಹಲವರು ಸಿಗುತ್ತಾರೆ. 4:29ಕ್ಕೆ 1500 ಮುಗಿಸುವ ಪ್ರೌಢಶಾಲೆಯ ಹುಡುಗನನ್ನು ಹುಡುಕಬೇಕು. ಕಡಿಮೆ ದೂರದಲ್ಲಿ ಎಲ್ಲರ ಸಮಯವೂ ಒತ್ತೊತ್ತಾಗಿರುತ್ತದೆ, ದೂರ ಹೆಚ್ಚಿದಂತೆ ಅಭ್ಯಾಸವಿದ್ದವರಿಗೂ ಇಲ್ಲದವರಿಗೂ ಅಂತರ ಹಿಗ್ಗುತ್ತದೆ. ಶೇಕಡಾ ಲೆಕ್ಕ ಈ ಹಿಗ್ಗುವಿಕೆಯನ್ನು ಕಾಣುವುದಿಲ್ಲ.

## ಲೆಕ್ಕದ ವಿಷಯ

1.06, 1.06 ಅಂತ ಎಲ್ಲರೂ ಹೇಳ್ತಾರಲ್ಲ, ಅದೇನು?

ಅಮೆರಿಕದ ಎಂಜಿನಿಯರ್ ಪೀಟರ್ ರೀಗಲ್ 1977ರಲ್ಲಿ ಪ್ರಕಟಿಸಿದ ಸೂತ್ರದ ಘಾತಾಂಕ ಅದು. ಹೊಸ ದೂರವನ್ನು ಹಳೆಯ ದೂರದಿಂದ ಭಾಗಿಸಿ, ಬಂದ ಸಂಖ್ಯೆಯನ್ನು 1.06ರ ಘಾತಕ್ಕೆ ಏರಿಸಿ, ಅದರಿಂದ ಹಳೆಯ ಸಮಯವನ್ನು ಗುಣಿಸಿದರೆ ಹೊಸ ಸಮಯ ಬರುತ್ತದೆ. ಮೊಬೈಲಿನ ಕ್ಯಾಲ್ಕುಲೇಟರನ್ನು ಅಡ್ಡ ಹಿಡಿದರೆ ಘಾತದ ಗುಂಡಿ ಕಾಣಿಸುತ್ತದೆ. ಅದೂ ಬೇಡವೆನ್ನುವವರು ನಾಲ್ಕು ಗುಣಕಗಳನ್ನು ಬರೆದಿಟ್ಟುಕೊಂಡರೆ ಸಾಕು: ದೂರ ಇಮ್ಮಡಿಯಾದರೆ 2.085, 1500ರಿಂದ 5000ಕ್ಕೆ 3.58, 1600ರಿಂದ 5000ಕ್ಕೆ 3.35, 3000ದಿಂದ 5000ಕ್ಕೆ 1.72.

ಈ ಸೂತ್ರವು ಸುಮಾರು ಮೂರೂವರೆ ನಿಮಿಷದಿಂದ ನಾಲ್ಕು ಗಂಟೆಯೊಳಗಿನ ಓಟಗಳಿಗೆ ಮಾತ್ರ ಎಂಬುದನ್ನು ಮರೆಯುವವರೇ ಹೆಚ್ಚು. ವಿಶ್ವದಾಖಲೆಗಳ ನಡುವೆ ಘಾತಾಂಕವನ್ನು ಲೆಕ್ಕ ಹಾಕಿದರೆ 5000ದಿಂದ 10,000ಕ್ಕೆ 1.056 ಬರುತ್ತದೆ, ರೀಗಲ್ ಹೇಳಿದ್ದಕ್ಕೆ ತೀರ ಹತ್ತಿರ. 1500ರಿಂದ 5000ಕ್ಕೆ 1.08, 800ರಿಂದ 1500ಕ್ಕೆ 1.135, 400ರಿಂದ 800ಕ್ಕೆ 1.23. ಆದ್ದರಿಂದ 800 ಮೀಟರಿನ ಸಮಯವನ್ನು 1.06ಕ್ಕೆ ಹಾಕಿ ಬಂದ ಉತ್ತರವನ್ನು ನಂಬಬಾರದು.

ಆರ್ಮಿ ರ‍್ಯಾಲಿಗೆ 1600 ಮೀಟರನ್ನು 5:30ಕ್ಕೆ ಓಡ್ತೀನಿ. ಕ್ರೀಡಾಕೂಟದಲ್ಲಿ 1500, 5000 ಓಡಿದ್ರೆ ಎಷ್ಟು ಬರುತ್ತೆ?

1500ಕ್ಕೆ ಸುಮಾರು 5:08, 5000ಕ್ಕೆ ಸುಮಾರು 18:24. ಮೊದಲನೆಯದನ್ನು ನಂಬಬಹುದು, ದೂರದ ವ್ಯತ್ಯಾಸ ಕೇವಲ 100 ಮೀಟರ್. ಎರಡನೆಯದು ವಾರಕ್ಕೆ ಸಾಕಷ್ಟು ಕಿಲೋಮೀಟರ್ ಓಡುವವರಿಗೆ ಮಾತ್ರ ದಕ್ಕುವ ಸಮಯ. ಭರ್ತಿಗೆಂದು ದಿನವೂ ಬೆಳಿಗ್ಗೆ ನಾಲ್ಕು ಸುತ್ತನ್ನೇ ಜೋರಾಗಿ ಓಡಿ ಮನೆಗೆ ಹೋಗುವ ಹುಡುಗರು 5000 ಮೀಟರಿನ ಮೂರನೆಯ ಕಿಲೋಮೀಟರಿನಲ್ಲೇ ಸೋಲುವುದನ್ನು ಎರಡೂ ಜಿಲ್ಲೆಗಳ ಮೈದಾನಗಳಲ್ಲಿ ನೋಡಬಹುದು. ಸೂತ್ರವು ಎರಡೂ ದೂರಕ್ಕೆ ಸಮನಾದ ತಯಾರಿ ಇದೆಯೆಂದು ಇಟ್ಟುಕೊಂಡೇ ಲೆಕ್ಕ ಹಾಕುತ್ತದೆ.

ಇನ್ನೊಂದು ಮಾತು. ರ‍್ಯಾಲಿಯಲ್ಲಿ ಗುಂಪಿನ ನಡುವೆ ನುಗ್ಗಿ, ಹೊರಗಿನಿಂದ ಸುತ್ತು ಹಾಕಿ ತೆಗೆದ 5:30 ಖಾಲಿ ಟ್ರ್ಯಾಕಿನ 5:30ಕ್ಕಿಂತ ಉತ್ತಮ ಓಟ.

ಮಗಳು 800ನ್ನು 2:30ಕ್ಕೆ ಮುಗಿಸ್ತಾಳೆ. 1500 ಓಡಿಸಿದರೆ 5 ನಿಮಿಷದ ಒಳಗೆ ಬರ್ತಾಳಾ ಸರ್?

1.06ರ ಲೆಕ್ಕಕ್ಕೆ 4:52 ಬರುತ್ತದೆ, ಅದು ಅತಿ ಆಸೆ. ಮಹಿಳೆಯರ ವಿಶ್ವದಾಖಲೆಗಳ ಅನುಪಾತದಂತೆ 5:03, ಪುರುಷರ ದಾಖಲೆಗಳ ಅನುಪಾತದಂತೆ 5:06. ಮಹಿಳೆಯರ ಅನುಪಾತ ಕಡಿಮೆ ಇರುವುದಕ್ಕೆ ಒಂದು ಕಾರಣವಿದೆ. 800 ಮೀಟರಿನ ಮಹಿಳಾ ದಾಖಲೆ ಯಾರ್ಮಿಲಾ ಕ್ರಾಟೊಹ್ವಿಲೊವಾ ಅವರ 1:53.28, ಅದು 1983ರದು. 1500 ಮೀಟರಿನ ದಾಖಲೆಯನ್ನು ಫೇತ್ ಕಿಪ್ಯೆಗಾನ್ 2025ರಲ್ಲಿ 3:48.68ಕ್ಕೆ ಇಳಿಸಿದರು. ನಾಲ್ಕು ದಶಕಗಳ ಅಂತರದ ಎರಡು ದಾಖಲೆಗಳನ್ನು ಜೋಡಿಸಿ ತೆಗೆದ ಅನುಪಾತವನ್ನು ಎಚ್ಚರದಿಂದಲೇ ಬಳಸಬೇಕು. ನಿಮ್ಮ ಮಗಳಿಗೆ ಮೊದಲ ಸಲ 5:10ರ ಗುರಿ ಕೊಡಿ. ಮೊದಲ ಸುತ್ತನ್ನು 800ರ ವೇಗದಲ್ಲಿ ಓಡದಂತೆ ತಡೆಯುವುದು ಸಮಯದ ಲೆಕ್ಕಕ್ಕಿಂತ ದೊಡ್ಡ ಕೆಲಸ.

ನಮ್ಮ ಹುಡುಗನಿಗೆ ಯಾವ ಸೂತ್ರವೂ ಸರಿಹೊಂದ್ತಾ ಇಲ್ಲ. ಅವನದೇ ಆದ ಸೂತ್ರ ಮಾಡಬಹುದಾ?

ಮಾಡಬಹುದು, ಮಾಡಲೇಬೇಕು. ಎರಡು ದೂರಗಳಲ್ಲಿ ಅವನು ಒಂದೇ ಋತುವಿನಲ್ಲಿ ನಿಜವಾಗಿ ಸ್ಪರ್ಧಿಸಿದ ಸಮಯಗಳಿದ್ದರೆ ಸಾಕು. ಸಮಯಗಳ ಅನುಪಾತದ ಲಾಗರಿದಮ್ಮನ್ನು ದೂರಗಳ ಅನುಪಾತದ ಲಾಗರಿದಮ್ಮಿನಿಂದ ಭಾಗಿಸಿದರೆ ಅವನ ಸ್ವಂತ ಘಾತಾಂಕ ಸಿಗುತ್ತದೆ. 1500 ಮೀಟರನ್ನು 4:20ಕ್ಕೂ 5000 ಮೀಟರನ್ನು 16:30ಕ್ಕೂ ಓಡಿದವನ ಘಾತಾಂಕ 1.11. ಅವನು 10,000 ಮೀಟರ್ ಓಡಿದರೆ 1.06ರ ಲೆಕ್ಕಕ್ಕೆ 34:24 ಬರುತ್ತದೆ, ಅವನದೇ ಘಾತಾಂಕಕ್ಕೆ ಸುಮಾರು 35:37. ಒಂದು ನಿಮಿಷಕ್ಕೂ ಮೀರಿದ ಈ ವ್ಯತ್ಯಾಸ ಓಟದ ಆರಂಭದ ವೇಗವನ್ನೇ ಬದಲಿಸುತ್ತದೆ.

ಘಾತಾಂಕ 1.10ಕ್ಕಿಂತ ಮೇಲಿದ್ದರೆ ಹುಡುಗನಿಗೆ ವೇಗವಿದೆ, ತಾಳಿಕೆ ಬೆಳೆದಿಲ್ಲ ಎಂದು ನಾನು ಓದುತ್ತೇನೆ. 1.05ರ ಆಸುಪಾಸಿನಲ್ಲಿದ್ದರೆ ಅವನಿಗೆ ಉದ್ದದ ದೂರಗಳೇ ಒಲಿಯುತ್ತವೆ. ತರಬೇತಿಯ ಮಟ್ಟಿಗೆ ಈ ಒಂದು ಸಂಖ್ಯೆ ಯಾವ ಅಂಕಪಟ್ಟಿಗಿಂತಲೂ ಉಪಯುಕ್ತ.

## ಮೈದಾನ ಮತ್ತು ಗಡಿಯಾರ

ಸ್ಟಾಪ್‌ವಾಚಲ್ಲಿ 11.2 ಬಂದಿತ್ತು, ಜಿಲ್ಲಾ ಕೂಟದ ಮೆಷಿನ್‌ನಲ್ಲಿ 11.5 ಅಂತ ತೋರಿಸ್ತು. ಹುಡುಗ ನಿಧಾನ ಆದನಾ?

ಬಹುಶಃ ಇಲ್ಲ. ಕೈಗಡಿಯಾರದ, ಅಂದರೆ ಕೈಯಿಂದ ಗುಂಡಿ ಒತ್ತುವ ಸ್ಟಾಪ್‌ವಾಚಿನ, ಸಮಯವನ್ನು ವಿದ್ಯುನ್ಮಾನ ಸಮಯಕ್ಕೆ ಹೋಲಿಸುವಾಗ 100 ಮತ್ತು 200 ಮೀಟರಿಗೆ 0.24 ಸೆಕೆಂಡನ್ನೂ 400 ಮೀಟರಿಗೆ 0.14 ಸೆಕೆಂಡನ್ನೂ ಸೇರಿಸುವುದು ರೂಢಿ. ನಿಮ್ಮ ಹುಡುಗನ 11.2 ಈ ಲೆಕ್ಕದಲ್ಲಿ 11.44 ಆಗುತ್ತದೆ. ಸಮಯ ಹಿಡಿಯುವವರು ಪಿಸ್ತೂಲಿನ ಹೊಗೆಯನ್ನು ನೋಡಿ ಗುಂಡಿ ಒತ್ತಬೇಕು. ಸದ್ದನ್ನು ಕೇಳಿ ಒತ್ತಿದರೆ ಸದ್ದು 100 ಮೀಟರ್ ಸಾಗಿ ಬರಲು ಹಿಡಿಯುವ ಸುಮಾರು 0.3 ಸೆಕೆಂಡು ಓಟಗಾರನಿಗೆ ಪುಕ್ಕಟೆಯಾಗಿ ಸಿಗುತ್ತದೆ. ಹೊಗೆ ಬಾರದ ಕ್ಲಾಪರ್ ಅಥವಾ ಸೀಟಿ ಬಳಸುವ ಕೂಟಗಳಲ್ಲಿ ಈ ತಪ್ಪು ತಪ್ಪದೆ ಆಗುತ್ತದೆ. ಕೈಗಡಿಯಾರ 11.31 ತೋರಿಸಿದರೆ ಅದನ್ನು 11.4 ಎಂದು ಮೇಲಕ್ಕೆ ಬರೆಯಬೇಕೆಂಬ ನಿಯಮವನ್ನೂ ನಮ್ಮಲ್ಲಿ ಎಷ್ಟೋ ಕಡೆ ಪಾಲಿಸುವುದಿಲ್ಲ.

1960ರ ರೋಮ್ ಒಲಿಂಪಿಕ್ಸಿನ 400 ಮೀಟರ್ ಫೈನಲಿನಲ್ಲಿ ಮಿಲ್ಖಾ ಸಿಂಗ್ ಅವರ ಅಧಿಕೃತ ಸಮಯ 45.6, ವಿದ್ಯುನ್ಮಾನ ಸಮಯ 45.73. ಅನುಭವಿಗಳು ಸಮಯ ಹಿಡಿದಾಗಲೂ ಇಷ್ಟು ಅಂತರ ಸಹಜ.

ದೂರಗಳ ಹೋಲಿಕೆಗೂ ಇದಕ್ಕೂ ಸಂಬಂಧವಿದೆ. 0.24 ಸೆಕೆಂಡು 12 ಸೆಕೆಂಡಿನ ಓಟದಲ್ಲಿ ಶೇ. 2, 4:30ರ ಓಟದಲ್ಲಿ ಶೇ. 0.1 ಕೂಡ ಅಲ್ಲ. ಹೀಗಾಗಿ ಕೈಗಡಿಯಾರದ ಸಮಯಗಳನ್ನೇ ಇಟ್ಟುಕೊಂಡು ಹೋಲಿಸಿದರೆ ವೇಗದ ಓಟಗಾರನಿಗೆ ಸದಾ ಲಾಭ.

ನಮ್ಮ ಶಾಲೆ ಮೈದಾನದಲ್ಲಿ 200 ಮೀಟರ್ ಟ್ರ್ಯಾಕ್ ಅಷ್ಟೇ ಇರೋದು. ಅಲ್ಲಿನ ಸಮಯ ಲೆಕ್ಕಕ್ಕೆ ಬರುತ್ತಾ?

ಬರುತ್ತದೆ, ಅಳತೆ ಸರಿಯಿದ್ದರೆ. ಒಳಗಿನ ಸುಣ್ಣದ ಗೆರೆಯ ಮೇಲೇ ಟೇಪು ಹಿಡಿದು 200 ಮೀಟರ್ ಅಳೆಯುವುದು ಸಾಮಾನ್ಯವಾಗಿ ಆಗುವ ತಪ್ಪು. ಒಳ ಅಂಚಿನಲ್ಲಿ ಎತ್ತರಿಸಿದ ಅಂಚುಕಟ್ಟು ಇಲ್ಲದ ಟ್ರ್ಯಾಕಿನಲ್ಲಿ ಗೆರೆಯಿಂದ 20 ಸೆಂಟಿಮೀಟರ್ ಹೊರಗೆ ಅಳೆಯಬೇಕು. ಹಾಗೆ ಮಾಡದಿದ್ದರೆ ಸುತ್ತಿಗೆ 1.26 ಮೀಟರ್, ಏಳೂವರೆ ಸುತ್ತಿಗೆ ಒಂಬತ್ತು ಮೀಟರಿಗಿಂತ ಹೆಚ್ಚು ಓಡಿದಂತಾಗುತ್ತದೆ. 5 ನಿಮಿಷದ 1500 ಓಟಗಾರನಿಗೆ ಅದು ಸುಮಾರು 2 ಸೆಕೆಂಡು.

ಇದಕ್ಕಿಂತ ದೊಡ್ಡ ನಷ್ಟ ಹೊರಗಿನಿಂದ ಓಡುವುದರಲ್ಲಿದೆ. ಲೇನಿನ ಅಗಲ 1.22 ಮೀಟರ್ ಇರುವಾಗ ಎರಡನೆಯ ಲೇನಿನಲ್ಲಿ ಒಂದು ಸುತ್ತು ಹಾಕಿದರೆ 7.67 ಮೀಟರ್ ಹೆಚ್ಚು. ಟ್ರ್ಯಾಕು 400 ಮೀಟರಿನದಾಗಲಿ 200 ಮೀಟರಿನದಾಗಲಿ ಈ ಸಂಖ್ಯೆ ಬದಲಾಗುವುದಿಲ್ಲ. ಚಿಕ್ಕ ಟ್ರ್ಯಾಕಿನಲ್ಲಿ ಸುತ್ತುಗಳು ಇಮ್ಮಡಿಯಾದ್ದರಿಂದ ನಷ್ಟವೂ ಇಮ್ಮಡಿ. ಕಿರಿದಾದ ತಿರುವುಗಳಲ್ಲಿ ವೇಗ ತಗ್ಗುವುದು ಬೇರೆ. ಮಳೆಗಾಲದಲ್ಲಿ ಸಕಲೇಶಪುರ, ಮೂಡಿಗೆರೆ ಕಡೆಯ ಕೆಸರು ಮೈದಾನಗಳಲ್ಲಿ ತೆಗೆದ ಸಮಯವನ್ನು ನಾನು ಯಾವ ಸೂತ್ರಕ್ಕೂ ಹಾಕುವುದಿಲ್ಲ. ಅಲ್ಲಿ ಯಾರು ಗೆದ್ದರು ಎಂಬುದಷ್ಟೇ ಮುಖ್ಯ.

ಚಿಕ್ಕಮಗಳೂರು ಎತ್ತರದಲ್ಲಿದೆಯಲ್ಲ, ಇಲ್ಲಿ ಓಡಿದ್ದಕ್ಕೆ ಏನಾದರೂ ರಿಯಾಯಿತಿ ಇದೆಯಾ?

ಅಂತಾರಾಷ್ಟ್ರೀಯ ಪಟ್ಟಿಗಳಲ್ಲಿ 1,000 ಮೀಟರಿಗಿಂತ ಎತ್ತರದ ಊರುಗಳಲ್ಲಿ ಓಡಿದ ಕಡಿಮೆ ದೂರದ ಸಮಯಗಳಿಗೆ ಗುರುತು ಹಾಕುತ್ತಾರೆ. ಚಿಕ್ಕಮಗಳೂರು ಪೇಟೆ ಆ ಗೆರೆಗೆ ಸ್ವಲ್ಪ ಮೇಲಿದೆ, ಹಾಸನ ಸ್ವಲ್ಪ ಕೆಳಗಿದೆ. ಆದರೆ ಆ ಗುರುತು ರಿಯಾಯಿತಿಗಲ್ಲ, ಅನುಮಾನಕ್ಕೆ. ತೆಳು ಗಾಳಿ ವೇಗದ ಓಟಗಾರನನ್ನು ಕಡಿಮೆ ತಡೆಯುತ್ತದೆ, ದೂರದ ಓಟಗಾರನಿಗೆ ಆಮ್ಲಜನಕ ಕಡಿಮೆ ಕೊಡುತ್ತದೆ. 2,240 ಮೀಟರ್ ಎತ್ತರದ ಮೆಕ್ಸಿಕೊ ನಗರದ 1968ರ ಒಲಿಂಪಿಕ್ಸಿನಲ್ಲಿ ಲೀ ಇವಾನ್ಸ್ 400 ಮೀಟರನ್ನು 43.86ಕ್ಕೆ ಓಡಿ ವಿಶ್ವದಾಖಲೆ ಮಾಡಿದರೆ, 10,000 ಮೀಟರನ್ನು ನಫ್ತಾಲಿ ತೆಮು ಗೆದ್ದದ್ದು 29:27.4ಕ್ಕೆ. ಆಗಿನ ವಿಶ್ವದಾಖಲೆ 27:39.4 ಇತ್ತು. ನಮ್ಮ ಎತ್ತರದಲ್ಲಿ ಪರಿಣಾಮ ಅದರ ಒಂದು ಸಣ್ಣ ಪಾಲು ಮಾತ್ರ. ಇಲ್ಲಿನ ಹುಡುಗ ಮಂಗಳೂರಿಗೆ ಹೋಗಿ 5000 ಓಡಿದರೆ ಎತ್ತರದಿಂದ ಇಳಿದ ಲಾಭವನ್ನು ಅಲ್ಲಿನ ಸೆಕೆ ಪೂರ್ತಿ ನುಂಗಿಬಿಡಬಹುದು.

## ಒಳಹೊಕ್ಕು ನೋಡುವವರಿಗೆ

ಅಂಕಪಟ್ಟಿಯಲ್ಲಿ ಅಂಕ ಹೇಗೆ ಕೊಡ್ತಾರೆ? ಡೆಕಾತ್ಲಾನ್ ಪಟ್ಟಿಯನ್ನೇ ಬಳಸಬಹುದಾ?

ಎರಡು ಬೇರೆ ಪಟ್ಟಿಗಳಿವೆ. ಒಂದು, ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ಪ್ರಕಟಿಸುವ, ಬೊಜಿದಾರ್ ಸ್ಪಿರಿಯೆವ್ ಅವರು ರೂಪಿಸಿದ ಅಂಕಪಟ್ಟಿ. ಇದು ಆಯಾ ಸ್ಪರ್ಧೆಯನ್ನೇ ನೆಚ್ಚಿಕೊಂಡವರ ಸಾಧನೆಗಳನ್ನು ಆಧರಿಸಿದೆ. ಪುರುಷರಿಗೂ ಮಹಿಳೆಯರಿಗೂ ಪ್ರತ್ಯೇಕ ಪಟ್ಟಿಯಿದೆ. ಇನ್ನೊಂದು, ಹತ್ತು ಸ್ಪರ್ಧೆಗಳನ್ನೂ ಒಬ್ಬನೇ ಮಾಡುವ ಡೆಕಾತ್ಲಾನ್ ಪಟುಗಳ ಪಟ್ಟಿ. ಅದರ ಸೂತ್ರ ಸರಳ. 1500 ಮೀಟರಿಗೆ 480ರಿಂದ ಸೆಕೆಂಡುಗಳನ್ನು ಕಳೆದು, 1.85ರ ಘಾತಕ್ಕೆ ಏರಿಸಿ, 0.03768ರಿಂದ ಗುಣಿಸಬೇಕು. 4:30ಕ್ಕೆ 745 ಅಂಕ ಬರುತ್ತದೆ. 100 ಮೀಟರಿಗೆ 18ರಿಂದ ಕಳೆದು, 1.81ರ ಘಾತಕ್ಕೆ ಏರಿಸಿ, 25.4347ರಿಂದ ಗುಣಿಸಬೇಕು. 11.00ಕ್ಕೆ 861.

ಈ ಪಟ್ಟಿಯ ಪ್ರಕಾರ 11.00ಕ್ಕೆ ಸಮನಾದ 1500 ಮೀಟರ್ ಸಮಯ ಸುಮಾರು 4:13. ವಿಶ್ವದಾಖಲೆಯ ಶೇಕಡಾ ಲೆಕ್ಕಕ್ಕೆ ಅದೇ 11.00ಕ್ಕೆ ಸಮನಾದದ್ದು 3:56.5. ಹದಿನಾರು ಸೆಕೆಂಡಿನ ಈ ಅಂತರದಲ್ಲಿ ಯಾವುದೂ ಸುಳ್ಳಲ್ಲ. ಡೆಕಾತ್ಲಾನ್ ಪಟು ಭಾರವಾದ, ಎಸೆತ ಜಿಗಿತಗಳಿಗೆ ಪಳಗಿದ ದೇಹವನ್ನು ಹೊತ್ತು 1500 ಓಡುತ್ತಾನೆ, ಅದಕ್ಕೇ ಆ ಪಟ್ಟಿ ಅಲ್ಲಿ ಉದಾರಿ. 1500 ಮಾತ್ರ ಓಡುವವನನ್ನು ಅದರಿಂದ ಅಳೆದರೆ ಅವನಿಗೆ ಸಲ್ಲದ ಅಂಕ ಸಿಗುತ್ತದೆ.

ಹಾಗಾದ್ರೆ ಶಾಲಾ ಕೂಟದ ವೈಯಕ್ತಿಕ ಚಾಂಪಿಯನ್ ಪಟ್ಟವನ್ನು ಅಂಕಪಟ್ಟಿ ನೋಡಿ ಕೊಡೋದು ಒಳ್ಳೇದಲ್ವಾ?

ಈಗಿರುವ 5, 3, 1ರ ಪದ್ಧತಿ ಸ್ಥಾನವನ್ನು ಮಾತ್ರ ನೋಡುತ್ತದೆ. ಮೂವರೇ ಸ್ಪರ್ಧಿಸಿದ ಓಟದ ಮೊದಲ ಸ್ಥಾನಕ್ಕೂ ಮೂವತ್ತು ಜನ ಓಡಿದ 100 ಮೀಟರಿನ ಮೊದಲ ಸ್ಥಾನಕ್ಕೂ ಒಂದೇ ಅಂಕ. ಅದು ನ್ಯಾಯವಲ್ಲ ಎಂಬ ದೂರು ಸರಿಯೇ. ಆದರೂ ಕೈಗಡಿಯಾರ, ಅಳತೆ ಸರಿಯಿಲ್ಲದ ಮೈದಾನ, ಸದ್ದು ಕೇಳಿ ಒತ್ತುವ ಗುಂಡಿ ಇರುವಲ್ಲಿ ಅಂಕಪಟ್ಟಿ ತಂದರೆ ಗಡಿಯಾರ ಹಿಡಿದವರೇ ಚಾಂಪಿಯನ್ನನ್ನು ಆರಿಸಿದಂತಾಗುತ್ತದೆ. ತಾಲ್ಲೂಕು ಮಟ್ಟದಲ್ಲಿ ಸ್ಥಾನದ ಅಂಕವೇ ಇರಲಿ, ಸಮಬಲವಾದಾಗ ಮಾತ್ರ ಪಟ್ಟಿ ನೋಡಲಿ ಎಂಬುದು ನನ್ನ ಅಭಿಪ್ರಾಯ.

ಇಬ್ಬರು ಹುಡುಗರೂ 800ನ್ನು ಒಂದೇ ಸಮಯಕ್ಕೆ ಓಡ್ತಾರೆ. ಒಬ್ಬನನ್ನು 400ಕ್ಕೆ, ಇನ್ನೊಬ್ಬನನ್ನು 1500ಕ್ಕೆ ಅಂತ ಹೇಗೆ ಆರಿಸೋದು?

800ರ ಸಮಯದಿಂದ 400ರ ಉತ್ತಮ ಸಮಯದ ಎರಡರಷ್ಟನ್ನು ಕಳೆಯಿರಿ. ಕ್ಯೂಬಾದ ಆಲ್ಬರ್ಟೊ ಹ್ವಾಂಟೊರೆನಾ 400 ಮೀಟರನ್ನು 44.26ಕ್ಕೂ 800 ಮೀಟರನ್ನು 1:43.44ಕ್ಕೂ ಓಡಿದವರು. ಅವರ ಶೇಷ ಸುಮಾರು 15 ಸೆಕೆಂಡು. ಬ್ರಿಟನ್ನಿನ ಸೆಬಾಸ್ಟಿಯನ್ ಕೋ ಅವರ ಸಮಯಗಳು 46.87 ಮತ್ತು 1:41.73, ಶೇಷ 8 ಸೆಕೆಂಡು. ಹ್ವಾಂಟೊರೆನಾ 1976ರ ಮಾಂಟ್ರಿಯಲ್‌ನಲ್ಲಿ 400 ಮತ್ತು 800 ಎರಡನ್ನೂ ಗೆದ್ದರು, ಕೋ ಎರಡು ಒಲಿಂಪಿಕ್ಸಿನಲ್ಲಿ 1500 ಗೆದ್ದರು. ಶೇಷ ದೊಡ್ಡದಿರುವ ಹುಡುಗ 400ರ ಕಡೆಯವನು, ಚಿಕ್ಕದಿರುವವನು 1500ರ ಕಡೆಯವನು. ಬೆಳೆಯುವ ವಯಸ್ಸಿನಲ್ಲಿ ಈ ಶೇಷ ಬದಲಾಗುವುದರಿಂದ ಪ್ರತಿವರ್ಷ ಮತ್ತೆ ಲೆಕ್ಕ ಹಾಕಬೇಕು.

ಒಂದು ಆ್ಯಪ್ ಒಂದು ಹೇಳುತ್ತೆ, ಇನ್ನೊಂದು ಆ್ಯಪ್ ಇನ್ನೊಂದು ಹೇಳುತ್ತೆ. ಯಾವುದನ್ನು ನಂಬೋದು?

ಅವುಗಳ ಒಳಗಿನ ಸೂತ್ರ ಬೇರೆ ಇರುತ್ತದೆ. ಹಲವು ಆ್ಯಪ್‌ಗಳು ರೀಗಲ್ ಸೂತ್ರವನ್ನು ಬಳಸುತ್ತವೆ. ಕೆಲವು ಜ್ಯಾಕ್ ಡೇನಿಯಲ್ಸ್ ಮತ್ತು ಜಿಮ್ಮಿ ಗಿಲ್ಬರ್ಟ್ ಅವರು 1979ರಲ್ಲಿ ಪ್ರಕಟಿಸಿದ, ಆಮ್ಲಜನಕದ ಬಳಕೆಯನ್ನು ಆಧರಿಸಿದ ಕೋಷ್ಟಕವನ್ನು ಬಳಸುತ್ತವೆ. 5000 ಮೀಟರನ್ನು 19:57ಕ್ಕೆ ಓಡುವವನಿಗೆ ಡೇನಿಯಲ್ಸ್ ಕೋಷ್ಟಕ 1500ಕ್ಕೆ 5:24, 10,000ಕ್ಕೆ 41:21 ಕೊಡುತ್ತದೆ. ರೀಗಲ್ ಲೆಕ್ಕಕ್ಕೆ ಕ್ರಮವಾಗಿ 5:34 ಮತ್ತು 41:36. ಟ್ರ್ಯಾಕ್ ಓಟಗಳಿಗೆ, ಅದರಲ್ಲೂ 3000 ಮೀಟರಿಗಿಂತ ಕಡಿಮೆ ದೂರಗಳಿಗೆ, ನಾನು ಡೇನಿಯಲ್ಸ್ ಕೋಷ್ಟಕವನ್ನೇ ಮೊದಲು ನೋಡುತ್ತೇನೆ.

ಸ್ಟೀಪಲ್‌ಚೇಸ್ ಸಮಯವನ್ನು ಹೇಗೆ ಹೋಲಿಸೋದು?

ಈ 3000 ಮೀಟರ್ ಓಟದಲ್ಲಿ ಅಡೆತಡೆ ದಾಟುವ ಕೌಶಲ ಸೂತ್ರಕ್ಕೆ ಸಿಗುವುದಿಲ್ಲ. ಪುರುಷರ 3000 ಮೀಟರ್ ದಾಖಲೆ 7:17.55, ಸ್ಟೀಪಲ್‌ಚೇಸ್ ದಾಖಲೆ 7:52.11, ಅಂತರ ಸುಮಾರು 35 ಸೆಕೆಂಡು. ಕಲಿಯುವವರಿಗೆ ಇದು ಇನ್ನೂ ಹೆಚ್ಚು.

ಶ್ರೀರಾಮ್ ಸಿಂಗ್ ಅವರ 800 ದೊಡ್ಡದೋ, ಜಿನ್ಸನ್ ಜಾನ್ಸನ್ ಅವರ 1500 ದೊಡ್ಡದೋ?

ಭಾರತದ ಈ ಇಬ್ಬರು ಓಟಗಾರರ ಸಾಧನೆಗಳನ್ನು ಇಂದಿನ ವಿಶ್ವದಾಖಲೆಗಳಿಗೆ ಹೋಲಿಸಿದರೆ ಎರಡೂ ಹತ್ತಿರ ಹತ್ತಿರ ನಿಲ್ಲುತ್ತವೆ. ಶ್ರೀರಾಮ್ ಸಿಂಗ್ 1976ರ ಮಾಂಟ್ರಿಯಲ್ ಫೈನಲಿನಲ್ಲಿ ಏಳನೆಯವರಾಗಿ ಓಡಿದ 1:45.77 ಇಂದಿನ ದಾಖಲೆಯ ವೇಗದ ಶೇ. 95.4. ಜಿನ್ಸನ್ ಜಾನ್ಸನ್ 2019ರಲ್ಲಿ ಬರ್ಲಿನ್‌ನಲ್ಲಿ ಓಡಿದ 3:35.24 ಶೇ. 95.7. ಆದರೆ ದೂರದ ಜೊತೆಗೆ ಕಾಲವೂ ಬೇರೆಯಾದಾಗ ಅಳತೆಗೋಲನ್ನು ಆಯಾ ಕಾಲದಿಂದಲೇ ತೆಗೆದುಕೊಳ್ಳಬೇಕು. ಶ್ರೀರಾಮ್ ಸಿಂಗ್ ಓಡಿದ ಅದೇ ಓಟದಲ್ಲಿ ಹ್ವಾಂಟೊರೆನಾ 1:43.50ರ ವಿಶ್ವದಾಖಲೆ ಮಾಡಿದರು, ಅದರ ಲೆಕ್ಕಕ್ಕೆ ಶ್ರೀರಾಮ್ ಅವರದು ಶೇ. 97.9. ಜಿನ್ಸನ್ ಓಡಿದಾಗ 1500ರ ದಾಖಲೆ ಇಂದಿನದೇ ಆಗಿತ್ತು, ಆದ್ದರಿಂದ ಅವರ ಶೇ. 95.7 ಬದಲಾಗುವುದಿಲ್ಲ. ಈ ಅಳತೆಯಲ್ಲಿ ಶ್ರೀರಾಮ್ ಸಿಂಗ್ ಅವರ ಓಟವೇ ಮೇಲು ಎಂದು ನಾನು ಹೇಳುತ್ತೇನೆ. ಅವರ ರಾಷ್ಟ್ರೀಯ ದಾಖಲೆಯನ್ನು ಮುರಿಯಲು 42 ವರ್ಷ ಬೇಕಾಯಿತು. 2018ರಲ್ಲಿ ಗುವಾಹಟಿಯಲ್ಲಿ 1:45.65ಕ್ಕೆ ಓಡಿ ಅದನ್ನು ಮುರಿದವರು ಇದೇ ಜಿನ್ಸನ್ ಜಾನ್ಸನ್.